ಅಪ್ಪನ ಸಾಲ, ಅಕ್ಕನ ಪಾಲು

1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಒಂದು ದೊಡ್ಡ ಸಾಲ ಹುಟ್ಟಿತು. ಯುದ್ಧ ಸೋತ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟಿದ್ದಲ್ಲದೆ 3 ಕೋಟಿ 30 ಲಕ್ಷ ರೂಪಾಯಿ ಕೊಡೋದಕ್ಕೂ ಒಪ್ಪಿಕೊಂಡ. ಅಷ್ಟೂ ಹಣ ಒಂದೇ ಸಲಕ್ಕೆ ಕೊಡೋಕಾಗಲಿಲ್ಲ. ಒತ್ತೆ ಇಟ್ಟಿದ್ದು ತನ್ನ ಇಬ್ಬರು ಗಂಡುಮಕ್ಕಳನ್ನ. ಆ ಹುಡುಗರು ಅಪ್ಪನ ಹತ್ತಿರ ವಾಪಸ್ ಬಂದಿದ್ದು 1794ರಲ್ಲಿ.

ಅದು ರಾಜರ ವಿಷಯ ಬಿಡಿ. ಆದರೆ ಇವತ್ತಿಗೂ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಲ್ಲಿ ಅಪ್ಪನ ತಿಥಿ ಮುಗಿಯೋ ಮೊದಲೇ ಪ್ರೋನೋಟು ಹಿಡ್ಕೊಂಡು ಬರೋರಿದ್ದಾರೆ. "ನಿಮ್ಮಪ್ಪ ಇಸ್ಕೊಂಡಿದ್ದ ಕಣಪ್ಪ. ನೀನು ಬೆಂಗಳೂರಲ್ಲಿ ದುಡೀತಿದ್ದೀಯ, ತೀರಿಸು." ಮಗ ತಲೆ ತಗ್ಗಿಸಿ ಹೂಂ ಅಂತಾನೆ. ಅನ್ನಲೇಬೇಕಾ?

ಹಿಂದೆ ಅನ್ನಬೇಕಿತ್ತು. ಅಪ್ಪನ ಸಾಲ ತೀರಿಸೋದು ಮಗನ ಧರ್ಮ ಅಂತ ಹಳೇ ಹಿಂದೂ ಕಾನೂನು ಮೊಮ್ಮಗ, ಮರಿಮಗನವರೆಗೂ ಹೇಳ್ತಿತ್ತು. ಜೂಜು, ಕುಡಿತದಂಥ ಕೆಟ್ಟ ಕೆಲಸಕ್ಕೆ ಮಾಡಿದ ಸಾಲಕ್ಕೆ ವಿನಾಯಿತಿ ಇತ್ತು. 2005ರ ಸೆಪ್ಟೆಂಬರ್ 9ಕ್ಕೆ ಆ ಬಾಗಿಲು ಮುಚ್ಚಿತು. ಅದರ ನಂತರ ಅಪ್ಪ ಮಾಡಿದ ಸಾಲಕ್ಕೆ, 'ನೀನು ಮಗ' ಅನ್ನೋ ಒಂದೇ ಕಾರಣಕ್ಕೆ ಯಾವ ಕೋರ್ಟೂ ನಿಮ್ಮ ಮೇಲೆ ವಸೂಲಿ ಹೊರಿಸಲ್ಲ. ಅಪ್ಪನಿಂದ ನಿಮಗೆ ಬಂದ ಆಸ್ತಿ ಎಷ್ಟೋ, ಹೊಣೆಯೂ ಅಷ್ಟಕ್ಕೇ. ನಿಮ್ಮ ಸಂಬಳಕ್ಕೆ, ನೀವು ದುಡಿದು ಕಟ್ಟಿದ ಮನೆಗೆ ಕೈ ಹಾಕೋ ಹಾಗಿಲ್ಲ. ಆದರೆ ಜಾಮೀನಿಗೆ ನೀವೇ ಸಹಿ ಹಾಕಿದ್ರೆ ಅದು ನಿಮ್ಮದೇ ಸಾಲ. ಮನೆ ಯಜಮಾನ ಕುಟುಂಬದ ಅಗತ್ಯಕ್ಕೆ ಜಮೀನು ಅಡ ಇಟ್ಟಿದ್ರೆ ಆ ಭಾರ ಜಮೀನಿನ ಮೇಲೆ ಇದ್ದೇ ಇರುತ್ತೆ. ಪಹಣಿ ತೆಗೆದು 11ನೇ ಕಾಲಂ ನೋಡಿ. ಹಕ್ಕುಗಳು, ಋಣಗಳು ಎರಡನ್ನೂ ಒಂದೇ ಕಾಲಂನಲ್ಲಿ ಬರೀತಾರೆ. ಆ ಕಾಲಂ ಮಾಡಿದ ಪುಣ್ಯಾತ್ಮನಿಗೆ ನಮ್ಮ ಮನೆಗಳ ಕಥೆ ಚೆನ್ನಾಗಿ ಗೊತ್ತಿತ್ತು ಅನ್ಸುತ್ತೆ. ಕೈಸಾಲ ಮಾತ್ರ ಅಲ್ಲಿ ಸಿಗಲ್ಲ.

ಈಗ ಅಕ್ಕನ ವಿಷಯಕ್ಕೆ ಬರೋಣ. ನನಗೆ ಸಿಟ್ಟು ಬರೋದೇ ಇಲ್ಲಿ. ಸಾಲದ ಹೆಸರು ಹೇಳಿಯೇ ಅಕ್ಕ ತಂಗೀರ ಪಾಲು ತಪ್ಪಿಸ್ತಾರೆ. "ಜಮೀನಿಗಿಂತ ಸಾಲಾನೇ ಜಾಸ್ತಿ ಕಣಕ್ಕ, ನಿಂಗ್ಯಾಕೆ ಈ ತಲೆನೋವು? ಹಕ್ಕು ಬಿಡುಗಡೆ ಪತ್ರಕ್ಕೆ ಒಂದು ಸಹಿ ಹಾಕ್ಬಿಡು." ಅರಿಶಿನ ಕುಂಕುಮ, ಒಂದು ಸೀರೆ. ತವರಿನ ಬಾಗಿಲು ಮುಚ್ಚದಿದ್ರೆ ಸಾಕು ಅಂತ ಅಕ್ಕ ಸಹಿ ಹಾಕ್ತಾಳೆ. ಐದು ವರ್ಷಕ್ಕೆ ಅದೇ ಜಮೀನಿನ ಮೇಲೆ ರಸ್ತೆ ಬರುತ್ತೆ, ಪರಿಹಾರ ಬರುತ್ತೆ. ಆಗ ಗೊತ್ತಾಗುತ್ತೆ, ಸಾಲ ಎಷ್ಟಿತ್ತು ಅಂತ. ಸ್ವಾಮಿ, ಲೆಕ್ಕ ಸರಳ. ಕುಟುಂಬಕ್ಕೆ ಅಂತ ಮಾಡಿದ ಸಾಲ ಮೊದಲು ಕಳೀರಿ, ಉಳಿದಿದ್ದನ್ನ ಹಂಚಿ. ಸಾಲ ಇದೆ ಅಂತ ಪಾಲುದಾರರನ್ನೇ ಕಳೆಯೋದು ಯಾವ ಲೆಕ್ಕ?

ಈ ಸೀಮೆಗೆ ಹೆಣ್ಣಿನ ಪಾಲು ಹೊಸದೂ ಅಲ್ಲ. ಮೈಸೂರು ಸಂಸ್ಥಾನ 1933ರಲ್ಲೇ ಕಾಯ್ದೆ ಮಾಡಿ, ಮನೆ ಭಾಗ ಆಗುವಾಗ ತಾಯಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಒಂದು ಪಾಲು ಅಂದಿತ್ತು. 1994ರಲ್ಲಿ ಕರ್ನಾಟಕ, ಮದುವೆಯಾಗದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಅಂದಿತು. 2005ರಲ್ಲಿ ದೇಶದ ಕಾನೂನು, ಮದುವೆಯಾಗಿರಲಿ ಬಿಡಲಿ ಸಮಪಾಲು ಅಂದಿತು. ಆಮೇಲೆ ಅಪ್ಪ 2005ರಲ್ಲಿ ಬದುಕಿದ್ನಾ ಇಲ್ವಾ ಅನ್ನೋ ಜಗಳ ಶುರುವಾಯ್ತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್, ಮಗಳ ಹಕ್ಕು ಹುಟ್ಟಿನಿಂದಲೇ ಬಂದಿದ್ದು, ಅಪ್ಪ ಬದುಕಿರಬೇಕಾಗಿಲ್ಲ ಅಂತ ಅದನ್ನೂ ಮುಗಿಸಿತು. 2004ರ ಡಿಸೆಂಬರ್ 20ಕ್ಕೂ ಮುಂಚೆ ರಿಜಿಸ್ಟರ್ ಆದ ವಿಭಾಗ, ಕೋರ್ಟ್ ಡಿಕ್ರಿ ಆದ ವಿಭಾಗ ಕೆದಕೋ ಹಾಗಿಲ್ಲ. ಜಗಲಿ ಮೇಲೆ ಬಾಯಿಮಾತಲ್ಲಿ ಮಾಡ್ಕೊಂಡ ಪಾಲು ಸಾಮಾನ್ಯವಾಗಿ ನಿಲ್ಲಲ್ಲ.

ಸರಿ, ಎಲ್ಲರೂ ಒಪ್ಪಿದ್ರು ಅಂತಲೇ ಇಟ್ಕೊಳ್ಳಿ. ಒಂದು ಎಕರೆ ಅಂದ್ರೆ 40 ಗುಂಟೆ, ನಾಲ್ಕು ಜನಕ್ಕೆ ಹತ್ತತ್ತು ಗುಂಟೆ. ನಾನು ಇಂಜಿನಿಯರಿಂಗ್ ಓದಿದವನು, ಇದಕ್ಕೆ ಇಂಜಿನಿಯರ್ ಬೇಡ. ಆದರೆ ಪಾಂಡವಪುರದ ವಿಶ್ವೇಶ್ವರಯ್ಯ ನಾಲೆ ಬಯಲಲ್ಲಿ ತೂಬಿನ ಪಕ್ಕದ ಹತ್ತು ಗುಂಟೆಯೂ, ನೀರು ಮುಟ್ಟದ ಕೊನೆಯ ಹತ್ತು ಗುಂಟೆಯೂ ಒಂದೇನಾ? ನಾಗಮಂಗಲದ ಕಡೆ ಒಂದೇ ಬೋರ್‌ವೆಲ್ ನಾಲ್ಕು ಜನಕ್ಕೆ ಹೇಗೆ ಹಂಚ್ತೀರಿ? ಜಗಳ ಕೋರ್ಟಿಗೆ ಹೋಗೋದು ಗುಂಟೆಗಲ್ಲ, ನೀರಿಗೆ.

ಹೋದ ಮೇಲೆ ಏನಾಗುತ್ತೆ? ಕೋರ್ಟ್ ಮೊದಲು ಪ್ರಾಥಮಿಕ ಡಿಕ್ರಿ ಕೊಡುತ್ತೆ. ಯಾರಿಗೆ ಎಷ್ಟನೇ ಒಂದು ಭಾಗ ಅಂತ ಅಷ್ಟೇ. ಯಾವ ಬದು ಯಾರದ್ದು ಅಂತ ಅದರಲ್ಲಿ ಇರಲ್ಲ. ಕಂದಾಯದ ಜಮೀನನ್ನ ಅಳೆದು ಹಂಚಬೇಕಾದ್ದು ಜಿಲ್ಲಾಧಿಕಾರಿ ಅಥವಾ ಅವರ ಕೈಕೆಳಗಿನ ಅಧಿಕಾರಿ. ಅದಕ್ಕೆ ಮತ್ತೆ ಅರ್ಜಿ ಹಾಕ್ಬೇಕು ಅಂತ ಎಷ್ಟೋ ಜನಕ್ಕೆ ಗೊತ್ತೇ ಇರ್ತಿರಲಿಲ್ಲ. ತೀರ್ಪು ಪೆಟ್ಟಿಗೆಯಲ್ಲಿ, ಜಮೀನು ತಮ್ಮನ ಕೈಯಲ್ಲಿ. 2022ರಲ್ಲಿ ಸುಪ್ರೀಂ ಕೋರ್ಟ್, ಯಾರೂ ಅರ್ಜಿ ಹಾಕೋವರೆಗೆ ಕಾಯಬೇಡಿ, ವಿಚಾರಣಾ ನ್ಯಾಯಾಲಯವೇ ಅಂತಿಮ ಡಿಕ್ರಿಗೆ ಮುಂದುವರೀಬೇಕು ಅಂತ ಹೇಳಿದೆ.

ಹಾಗಾಗಿ ಕೇಸು ಗೆದ್ವಿ ಅಂತ ಸ್ವೀಟು ಹಂಚಿ ಕೂತಿರೋ ಅಕ್ಕಂದಿರೇ, ಅಣ್ಣಂದಿರೇ, ನಾಳೆ ಬೆಳಿಗ್ಗೆ ನಿಮ್ಮ ವಕೀಲರಿಗೆ ಒಂದು ಫೋನ್ ಮಾಡಿ. ಕೇಳಬೇಕಾದ್ದು ಇಷ್ಟೇ: "ಸಾರ್, ಅಂತಿಮ ಡಿಕ್ರಿ ಆಯ್ತಾ?"