ಪೆಟ್ಟಿಗೆ ತಲೆಕಟ್ಟು ಯಾರ ಕೈಯದು?



ಬೆಳಗಾವಿಯಲ್ಲಿ ಲಿಪಿಶಾಸ್ತ್ರದ ಗೋಷ್ಠಿ ಕೂಡಿತೆಂದರೆ ಮನಸ್ಸು ಸಹಜವಾಗಿಯೆ ಖಾನಾಪುರದ ದಾರಿ ಹಿಡಿದು ಹಲಸಿಗೆ ಹೋಗಿ ನಿಲ್ಲುವುದು. ಕದಂಬರ ಪಲಾಶಿಕೆಯಾಗಿದ್ದ ಆ ಊರ ಹೊರಗೆ, ಚಕ್ರತೀರ್ಥವೆಂಬ ಸಣ್ಣ ಬಾವಿಯ ಬಳಿಯ ಮಣ್ಣುದಿಬ್ಬದಲ್ಲಿ ದೊರೆತ ತಾಮ್ರಶಾಸನಗಳನ್ನು ಶಾಸನಸಂಶೋಧಕ ಫ್ಲೀಟರು 1877ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದಂದಿನಿಂದ, ಕದಂಬ ದೊರೆ ಕಾಕುಸ್ಥವರ್ಮನು ಸೇನಾಪತಿ ಶ್ರುತಕೀರ್ತಿಗೆ ಕೊಟ್ಟ ಹೊಲವನ್ನೂ, ಮೃಗೇಶವರ್ಮನು ತಂದೆಯ ಸ್ಮರಣಾರ್ಥವಾಗಿ ಕಟ್ಟಿಸಿದ ಜಿನಾಲಯವನ್ನೂ ಕುರಿತು ನಮ್ಮವರು ಬರೆದುದು ಅಪಾರವಾಗಿದೆ. ಅದನ್ನೆಲ್ಲ ಕರತಲಾಮಲಕ ಮಾಡಿಕೊಂಡಿರುವ ಧಾರವಾಡ, ಮೈಸೂರುಗಳ ಮಹನೀಯರು ಎದುರಿಗೇ ದಯಮಾಡಿಸಿರುವಾಗ ಆ ಪಟ್ಟಿಯನ್ನು ನಾನು ಒಪ್ಪಿಸುವುದು ಉಚಿತವಲ್ಲ.

ನನ್ನ ಬಹುಕಾಲದ ವ್ಯಥೆ ಬೇರೆ. ಪಡಿಯಚ್ಚಿನ ಕಾಗದದ ಮೇಲೆ ಅಕ್ಷರದ ಆಕಾರವನ್ನು ಅಳೆದು, ಕೋಷ್ಟಕಕ್ಕೆ ಏರಿಸಿ, ಶತಮಾನವನ್ನು ನಿರ್ಣಯಿಸಿದೊಡನೆ ನಮ್ಮ ಕರ್ತವ್ಯ ತೀರಿತೆಂದು ಬಗೆದೆವು. ಉಳಿಯ ಆಳ, ಅದು ಎಬ್ಬಿಸಿದ ಅಂಚು, ಫಲಕದ ಬೆನ್ನಿಗೆ ಮೂಡಿದ ಪೆಟ್ಟು, ಇವನ್ನು ಆ ಕಾಗದವು ಹೇಳಲಾರದು. ಅಕ್ಷರವು ಲೋಹಕ್ಕೆ ಇಳಿದ ಬಗೆಯಂತೆ ಅದರ ಗೆರೆ: ಚೀನದ ಪಶ್ಚಿಮ ಝೌ ಕಾಲದ ಕಂಚಿನ ಪಾತ್ರೆಗಳಲ್ಲಿ ಅಕ್ಷರಗಳು ಮಣ್ಣಿನ ಅಚ್ಚಿನಲ್ಲಿಯೆ ರೂಪುಗೊಂಡು ಲೋಹದೊಡನೆ ಎರಕವಾಗಿ ಬಂದುದರಿಂದ ಕುಂಚದ ಉಬ್ಬೂ ಮೊನೆಯೂ ಮೊದಮೊದಲು ಹಾಗೆಯೆ ಉಳಿದು, ಬರಬರುತ್ತ ಗೆರೆಯು ಸಮನಾಯಿತು. ನಮ್ಮ ತಾಮ್ರವಾದರೊ ತಣ್ಣಗಾದ ಮೇಲೆ ಉಳಿಯ ಪೆಟ್ಟನ್ನು ತಿಂದುದು.

ಆದಿಕದಂಬರ ಅಕ್ಷರಗಳ ನೆತ್ತಿಯ ಮೇಲಣ ಆ ಚೌಕ, ನಾವು ಪೆಟ್ಟಿಗೆ ತಲೆಕಟ್ಟು ಎನ್ನುವುದು, ಯಾವ ಕೈಯಿಂದ ಹುಟ್ಟಿತು? ತುಂಬಿದ ಚೌಕವು ಮಸಿಯಿಂದ ಬರೆಯುವವರದು, ಟೊಳ್ಳುಚೌಕವು ಕಂಠದ ಮೊನೆಯಿಂದ ಬರೆಯುವಾಗ ಓಲೆ ಹರಿದೀತೆಂದು ಅಂಜಿದವರದು ಎಂದು ಲಿಪಿಶಾಸ್ತ್ರಜ್ಞ ಬ್ಯೂಲರರು ಊಹಿಸಿದರು. ರಮಣೀಯವಾದ ಊಹೆಯೆ, ಆದರೆ ಮಸಿ ಮತ್ತು ಓಲೆಗಳ ನಡುವೆ, ಲೋಹವನ್ನೂ ತಾಳಗುಂದದ ಕಂಬದಂಥ ಕಲ್ಲನ್ನೂ ಕೊರೆದವನಿಗೆ ಅದರಲ್ಲಿ ಸ್ಥಾನವಿಲ್ಲ.

ನಾನು ಹುಡುಗನಾಗಿದ್ದಾಗ ನಮ್ಮವ್ವ ಹೊಸ ತಾಮ್ರದ ಕೊಡಕ್ಕೆ ಹೆಸರು ಹಾಕಿಸಲು ನನ್ನನ್ನು ಇದೇ ಊರಿನ ಪೇಟೆಗೆ ಕರೆತಂದಿದ್ದಳು. ಕೆತ್ತುವ ಮುದುಕರಿಗೆ ಕನ್ನಡ ಓದಲು ಬಾರದು; ನಾನು ಬರೆದುಕೊಟ್ಟ ಚೀಟಿಯನ್ನು ನೋಡಿನೋಡಿ, ಕೊಡವನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ಚಾಣವನ್ನು ಟಕಟಕನೆ ನಡೆಸಿದರು. ಅಕ್ಷರ ಆರಂಭವಾಗುವಲ್ಲಿ ಚಾಣ ಜಾರದಿರಲೆಂದು ಒಂದು ಪೆಟ್ಟು ಹೆಚ್ಚು ಬೀಳುವುದು, ಅಲ್ಲೊಂದು ಗುಳಿ ನಿಲ್ಲುವುದು. ನನ್ನ ಚೀಟಿಯಲ್ಲಿ ಆ ಗುಳಿಗಳಿರಲಿಲ್ಲ.

ಚೌಕವೆಲ್ಲ ಚಾಣದ ಸೃಷ್ಟಿಯೆಂದು ನಾನು ಸಾಧಿಸಹೊರಟಿಲ್ಲ. ಇಲ್ಲಿರುವ ಹಿರಿಯರು ಹಾಗೆ ತಿಳಿಯಬಾರದೆಂದು ಪ್ರಾರ್ಥನೆ. ಬರೆದವನೊಬ್ಬ, ಕೊರೆದವನಿನ್ನೊಬ್ಬನಾಗಿದ್ದರೆ ಇಬ್ಬರ ಪಾಲನ್ನೂ ಮೂಲಫಲಕವೆ ಹೇಳಬೇಕು: ಚೌಕದ ಯಾವ ಬದಿ ಮೊದಲು ಬಿದ್ದಿತು, ಕೆಳಗಿಳಿವ ಗೆರೆ ಅದನ್ನು ಕಡಿದು ಹೋಯಿತೊ, ಚೌಕವೇ ಆಮೇಲೆ ಬಂದು ಗೆರೆಯ ಮೇಲೆ ಕುಳಿತಿತೊ, ಓರೆಬೆಳಕಿನಲ್ಲಿ ಹಿಡಿದರೆ ಕಾಣಬಹುದು. ಮಧ್ಯಾಹ್ನ ಪ್ರಬಂಧ ಓದಲಿರುವ ತರುಣರು ಕೋಷ್ಟಕಗಳನ್ನು ತೋರಿಸುವ ಮೊದಲು, ಅಧ್ಯಕ್ಷರ ಅನುಮತಿಯಿಂದ, ಇತ್ತ ಬರಬೇಕು. ಅವ್ವನ ಕೊಡವನ್ನು ತಂದು ಈ ಮೇಜಿನ ಮೇಲಿರಿಸಿದ್ದೇನೆ. ಕಿಟಕಿಯ ಕಡೆಗೆ ತಿರುಗಿಸಿ ನೋಡಿರಿ.