ದುಡಿಯುವ ಮೈಗೆ ನಿದ್ರೆಯ ಅವಶ್ಯಕತೆ



ಬೆಳಗಿನಿಂದ ಉತ್ತ ಎತ್ತನ್ನು ಬಿಸಿಲೇರಿದ ಮೇಲೆ ನೊಗ ಬಿಚ್ಚಿ ನೆರಳಿಗೆ ಕಟ್ಟುವುದು ಎತ್ತು ಸಾಕಿದವರಿಗೆಲ್ಲ ಗೊತ್ತು. ಮಲಗಿ ಮೆಲುಕು ಹಾಕದ ಎತ್ತು ಮಾರನೆಯ ದಿನ ಸಾಲು ಎಳೆಯುವುದಿಲ್ಲ. ಎತ್ತಿಗೆ ತಪ್ಪದೆ ಕೊಡುವ ಈ ವಿರಾಮವನ್ನು ರೈತ ತನ್ನ ಮೈಗೆ ಕೊಡುವುದು ಮಾತ್ರ ಅಪರೂಪ.

ಕೊಳವೆ ಬಾವಿ ಇರುವವರ ಸ್ಥಿತಿಯನ್ನೇ ನೋಡಿ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ವಿದ್ಯುತ್ತು ಪಾಳಿಯ ಮೇಲೆ ಬರುತ್ತದೆ. ಹಲವು ಕಡೆ ಪಾಳಿ ನಡುರಾತ್ರಿಗೆ ಬೀಳುತ್ತದೆ. ಎದ್ದು ಹೋಗಿ ಸ್ಟಾರ್ಟರ್ ಒತ್ತಿ, ಮಡಿಯಿಂದ ಮಡಿಗೆ ನೀರು ತಿರುಗಿಸಿ ಬಂದು ಮಲಗುವಷ್ಟರಲ್ಲಿ ಕೋಳಿ ಕೂಗುತ್ತದೆ. ಆಮೇಲೆ ಹಾಲು ಕರೆದು ಡೈರಿಗೆ ಹಾಕಬೇಕು. ಹೀಗೆ ನಾಲ್ಕೈದು ಗಂಟೆಯ ತುಂಡು ನಿದ್ರೆಯಲ್ಲಿ ಬೇಸಿಗೆ ಪೂರ್ತಿ ಕಳೆಯುವವರಿದ್ದಾರೆ. ಮನೆಯ ಹೆಣ್ಣುಮಕ್ಕಳದಂತೂ ಎಲ್ಲರಿಗಿಂತ ಕೊನೆಗೆ ಮಲಗಿ ಎಲ್ಲರಿಗಿಂತ ಮೊದಲು ಏಳುವ ಪಾಡು.

ನಿದ್ರೆಯೆಂದರೆ ಸುಮ್ಮನೆ ಬಿದ್ದಿರುವುದಲ್ಲ. ಸುಮಾರು ಒಂದೂವರೆ ಗಂಟೆಗೊಂದರಂತೆ ನಿದ್ರೆಯ ಸುತ್ತುಗಳು ನಡೆಯುತ್ತವೆ. ಗಾಢನಿದ್ರೆಯ ಹೆಚ್ಚಿನ ಪಾಲು ಮಲಗಿದ ಮೊದಲ ಕೆಲವು ಗಂಟೆಗಳಲ್ಲೇ ಬರುತ್ತದೆ. ಬೆಳವಣಿಗೆಯ ಹಾರ್ಮೋನು ರಕ್ತಕ್ಕೆ ಹೆಚ್ಚಾಗಿ ಇಳಿಯುವುದು ಆಗಲೇ. ಗುದ್ದಲಿ ಹಿಡಿದು, ಮೂಟೆ ಹೊತ್ತು ಸವೆದ ಮಾಂಸಖಂಡ ಸರಿಹೋಗಲು ಈ ಹೊತ್ತು ಬೇಕು.

ಷಿಕಾಗೋ ವಿಶ್ವವಿದ್ಯಾನಿಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಗಮನಾರ್ಹ. ತೂಕ ಹೆಚ್ಚಿದ್ದ 10 ಜನರಿಗೆ ಮಿತ ಆಹಾರ ಕೊಟ್ಟು, 14 ದಿನ ರಾತ್ರಿ ಎಂಟೂವರೆ ಗಂಟೆ, ಬೇರೆ 14 ದಿನ ಐದೂವರೆ ಗಂಟೆ ಮಾತ್ರ ಮಲಗಲು ಬಿಡಲಾಯಿತು. ಎರಡು ಅವಧಿಯಲ್ಲೂ ಇಳಿದ ತೂಕ ಹೆಚ್ಚುಕಡಿಮೆ ಒಂದೇ, ಸುಮಾರು 3 ಕಿಲೋ. ಆದರೆ ಚೆನ್ನಾಗಿ ಮಲಗಿದಾಗ ಅದರಲ್ಲಿ ಕೊಬ್ಬು 1.4 ಕಿಲೋ, ನಿದ್ರೆಗೆಟ್ಟಾಗ 0.6 ಕಿಲೋ ಮಾತ್ರ. ಉಳಿದುದರಲ್ಲಿ ಹೆಚ್ಚಿನದು ಕೊಬ್ಬಲ್ಲದ, ಮಾಂಸಖಂಡ ಮೊದಲಾದ ಭಾಗ. ಒಂದೇ ಗೊಬ್ಬರ ಹಾಕಿದ ಎರಡು ತಾಕುಗಳ ರಾಶಿ ತೂಕದಲ್ಲಿ ಸಮ ಬಂದು, ಒಂದರಲ್ಲಿ ಕಾಳು, ಇನ್ನೊಂದರಲ್ಲಿ ಜೊಳ್ಳು ಸಿಕ್ಕಂತೆ ಇದು.

"ನನಗೆ ಐದು ಗಂಟೆ ನಿದ್ರೆ ಸಾಕು, ಅಭ್ಯಾಸವಾಗಿದೆ" ಎನ್ನುವವರು ಬಹಳ. ಈ ಅಭ್ಯಾಸದ ಮಾತನ್ನು ನಂಬುವಂತಿಲ್ಲ. ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ವಾರ ದಿನಕ್ಕೆ ಆರು ಗಂಟೆ ಅಥವಾ ಇನ್ನೂ ಕಡಿಮೆ ಮಲಗಿದವರ ಚುರುಕು, ಒಂದೆರಡು ರಾತ್ರಿ ಪೂರ್ತಿ ಎಚ್ಚರವಿದ್ದವರ ಮಟ್ಟಕ್ಕೆ ಇಳಿದಿತ್ತು. ತಾವು ಅಷ್ಟು ಮಂಕಾಗಿದ್ದೇವೆಂಬುದು ಅವರಿಗೇ ತಿಳಿದಿರಲಿಲ್ಲ. ಮೇವು ಕತ್ತರಿಸುವ ಯಂತ್ರಕ್ಕೆ ಕೈ ಕೊಡುವವರು, ಒಕ್ಕಣೆ ಯಂತ್ರಕ್ಕೆ ಸಿವುಡು ಒಡ್ಡುವವರು ಇದನ್ನು ಮರೆಯಬಾರದು. ಕಬ್ಬಿನ ಟ್ರ್ಯಾಕ್ಟರ್ ನಡೆಸುವವರಿಗೆ ಇನ್ನೊಂದು ಲೆಕ್ಕ. 17 ಗಂಟೆ ಎಚ್ಚರವಿದ್ದವನ ಕೈ-ಕಣ್ಣಿನ ಹಿಡಿತ, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರವಿರುವವನಷ್ಟೇ ಇರುತ್ತದೆಂದು 1997ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ತೋರಿಸಿದರು. ನಮ್ಮ ದೇಶದ ಕಾನೂನು ಚಾಲಕನಿಗೆ ಹಾಕಿದ ಮಿತಿ 30 ಮಿಲಿಗ್ರಾಂ. ಬೆಳಿಗ್ಗೆ ಐದಕ್ಕೆ ಎದ್ದವನಿಗೆ ರಾತ್ರಿ ಹತ್ತಕ್ಕೆ 17 ಗಂಟೆ ತುಂಬುತ್ತದೆ. ಕಾರ್ಖಾನೆಯ ಮುಂದಿನ ಸಾಲು ಕರಗುವುದು ಅದಕ್ಕೂ ತಡವಾಗಿ.

ವಯಸ್ಕರಿಗೆ ಏಳು ಗಂಟೆ ನಿದ್ರೆ ಬೇಕು. ವಿದ್ಯುತ್ತಿನ ಪಾಳಿ ರೈತನ ಕೈಯಲ್ಲಿಲ್ಲ ಎಂಬ ಆಕ್ಷೇಪಣೆ ನ್ಯಾಯವಾದುದೇ. ಹಗಲು ಹೊತ್ತಿನ ವಿದ್ಯುತ್ತಿಗಾಗಿ ರೈತರು ಒತ್ತಾಯಿಸುವುದು ಕೇವಲ ಅನುಕೂಲಕ್ಕಲ್ಲ, ಆರೋಗ್ಯಕ್ಕೆ. ಅಲ್ಲಿಯವರೆಗೆ ರಾತ್ರಿ ಬಂದ ನೀರನ್ನು ಕೃಷಿ ಹೊಂಡಕ್ಕೋ ತೊಟ್ಟಿಗೋ ತುಂಬಿಸಿಕೊಂಡು ಹಗಲು ಹಾಯಿಸಬಹುದು. ಸ್ವಯಂಚಾಲಿತ ಸ್ಟಾರ್ಟರ್ ಹಾಕಿಸುವವರು ಬಾವಿ ಬರಿದಾದಾಗ ಮೋಟಾರು ತಾನೇ ನಿಲ್ಲುವ ವ್ಯವಸ್ಥೆಯನ್ನೂ ಹಾಕಿಸಬೇಕು; ಇಲ್ಲದಿದ್ದರೆ ನಿದ್ರೆ ಉಳಿದು ಮೋಟಾರು ಸುಟ್ಟೀತು. ಅಕ್ಕಪಕ್ಕದ ಹೊಲದವರು ಸರದಿ ಮಾಡಿಕೊಂಡರೆ ದಿನ ಬಿಟ್ಟು ದಿನವಾದರೂ ಇಡೀ ರಾತ್ರಿ ಮಲಗಬಹುದು. ನಿದ್ರೆಗೆಟ್ಟ ಮರುದಿನ ಮಧ್ಯಾಹ್ನ ಅರ್ಧ ಗಂಟೆ ಮಲಗುವುದು ಸೋಮಾರಿತನವಲ್ಲ.

ಚಹಾ-ಕಾಫಿಯ ಕೆಫೀನು ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಹಿಡಿಯುವುದರಿಂದ ಸಂಜೆಯ ಮೇಲೆ ಅದು ಬೇಡ. ಹೆಂಡ ಕುಡಿದರೆ ನಿದ್ರೆ ಬೇಗ ಹತ್ತಿದರೂ ನಡುರಾತ್ರಿ ಒಡೆಯುತ್ತದೆ. ಸೇವಂತಿಗೆ ಬೆಳೆಯುವವರು ರಾತ್ರಿ ದೀಪ ಉರಿಸಿ ಹೂವನ್ನು ತಡೆಹಿಡಿಯುವುದನ್ನು ನೋಡಿದ್ದೀರಿ. ಮಲಗುವ ಹೊತ್ತಿನಲ್ಲಿ ಮೊಬೈಲಿನ ಬೆಳಕೂ ಹಾಗೆಯೇ ನಿದ್ರೆಯನ್ನು ಮುಂದಕ್ಕೆ ತಳ್ಳುತ್ತದೆ.

ತೋಟದ ಮನೆಯಲ್ಲಿ ಕಾವಲು ಮಲಗುವವರು ನೆಲದ ಮೇಲೆ ಮಲಗದೆ ಮಂಚ ಹಾಕಿ, ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಬೇಕು. ಕಟ್ಟು ಹಾವು ರಾತ್ರಿ ಓಡಾಡುವಂಥದು. ಮಲಗಿದವರನ್ನು ಕಚ್ಚಿದರೆ ಹಲವು ಸಲ ನೋವೂ ಇರುವುದಿಲ್ಲ, ಗುರುತೂ ಕಾಣುವುದಿಲ್ಲ. ಬೆಳಿಗ್ಗೆ ಎದ್ದಾಗ ಹೊಟ್ಟೆನೋವು, ಕಣ್ಣಿನ ರೆಪ್ಪೆ ಜೋಲುವುದು, ನುಂಗಲು ಕಷ್ಟವಾಗುವುದು ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.