ಟೆಲಿವಿಷನ್ ಕೆಟ್ಟರೆ ಏನು ಮಾಡಬೇಕು? ಹೆಚ್ಚುವರಿ ವಾರಂಟಿ ಕೊಳ್ಳಬೇಕೆ?

(ಬ್ಲಾಕಿನ ರೈತರ ಕೂಟದಲ್ಲಿ ಮಾಡಿದ ಭಾಷಣ)



ಕಾಫಿ ಗಿಡದ ರೋಗ, ಮೆಣಸಿನ ಬಳ್ಳಿಯ ಸೊರಗು, ತೋಟಕ್ಕೆ ಸುಣ್ಣ ಹಾಕುವ ಕಾಲ, ಇಂಥ ವಿಷಯಗಳನ್ನು ತಾವು ಈ ಕೂಟಗಳಲ್ಲಿ ಕೇಳುತ್ತ ಬಂದಿದ್ದೀರಿ. ಈ ದಿನ ಮನೆಯೊಳಗಿನ ಒಂದು ವಸ್ತುವಿನ ವಿಷಯವನ್ನು ತಮ್ಮ ಮುಂದಿಡುತ್ತೇನೆ. ಅದೇ ಗೋಡೆಗೆ ತೂಗುಹಾಕುವ ಚಪ್ಪಟೆ ಟೆಲಿವಿಷನ್.

ನಮ್ಮ ದೇಶದಲ್ಲಿ ಟೆಲಿವಿಷನ್ ಪ್ರಸಾರವು 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಾರಂಭವಾಯಿತು. ರೈತರಿಗಾಗಿಯೇ 'ಕೃಷಿ ದರ್ಶನ' ಕಾರ್ಯಕ್ರಮವು 1967ರ ಜನವರಿ 26ರಂದು ಮೊದಲಾಯಿತು. ಬೆಂಗಳೂರು ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರ್ 1ರಂದು. ಅಂದು ದೊಡ್ಡ ಪಟ್ಟಣದ ವಸ್ತುವಾಗಿದ್ದ ಟಿವಿಯನ್ನು ಇಂದು ಮೂಡಿಗೆರೆ ತೋಟದ ಲೈನ್ ಮನೆಯಲ್ಲಿಯೂ ಕಳಸದ ಕಡೆಯ ಒಂಟಿಮನೆಯಲ್ಲಿಯೂ ಕಾಣುತ್ತೇವೆ. ಆದುದರಿಂದ ಅದರ ಆರೈಕೆಯನ್ನೂ ನಾವು ಕಲಿಯಬೇಕಾಗಿದೆ.

ಕೊಯ್ಲಿನ ಹಣ ಕೈಗೆ ಬಂದಾಗ ಪೇಟೆಗೆ ಹೋಗಿ ಟಿವಿ ಆರಿಸುತ್ತೇವೆ. ಬಿಲ್ಲು ಬರೆಯುವ ಹೊತ್ತಿಗೆ ಅಂಗಡಿಯವರು ಇನ್ನೊಂದು ಮಾತು ಎತ್ತುತ್ತಾರೆ: "ಗೌಡ್ರೇ, ಇನ್ನೆರಡು ಸಾವಿರ ಚಿಲ್ಲರೆ ಕೊಟ್ಟರೆ ಇನ್ನೂ ಎರಡು ವರ್ಷ ವಾರಂಟಿ ಸಿಗುತ್ತೆ, ಹಾಕಿಬಿಡಲಾ?" ಅಲ್ಲಿ ನಿಂತು ಯೋಚಿಸಲು ಬಿಡುವಿರುವುದಿಲ್ಲ. ಇಲ್ಲಿ ಕುಳಿತು ಯೋಚಿಸೋಣ. ಟಿವಿಯನ್ನು ಕೆಡಿಸುವ ಶತ್ರುಗಳು ಯಾರು, ಆ ಕಾಗದವು ಅವರಲ್ಲಿ ಯಾರಿಂದ ನಮ್ಮನ್ನು ಕಾಪಾಡುತ್ತದೆ ಎಂಬುದನ್ನು ತಿಳಿದರೆ ಉತ್ತರ ತಾನಾಗಿಯೇ ಸಿಗುತ್ತದೆ.

ದೋಷವನ್ನು ಗುರುತಿಸುವ ಬಗೆ

ಟಿವಿ ಕೆಟ್ಟಿತೆಂದು ಪೇಟೆಗೆ ಹೊರುವ ಮೊದಲು ಕೆಲವು ಪರೀಕ್ಷೆಗಳನ್ನು ಮನೆಯಲ್ಲೇ ಮಾಡಬಹುದು.

ಒಂದು: ಪರದೆಯ ಮೇಲೆ 'ಸಿಗ್ನಲ್ ಇಲ್ಲ' ಎಂದು ಬಂದರೆ ಟಿವಿ ಕೆಟ್ಟಿಲ್ಲವೆಂದೇ ಬಹುಮಟ್ಟಿಗೆ ತಿಳಿಯಬೇಕು. ಜಡಿಮಳೆ ಹೊಯ್ಯುವಾಗ ಮಳೆಯ ಹನಿಗಳೇ ಡಿಶ್ಶಿನ ಅಲೆಗಳನ್ನು ಹೀರಿಬಿಡುತ್ತವೆ. ಮಳೆ ಕಡಿಮೆಯಾದೊಡನೆ ಚಿತ್ರ ಬರುತ್ತದೆ. ಮಳೆ ನಿಂತರೂ ಬಾರದಿದ್ದರೆ, ಗಾಳಿಗೆ ಡಿಶ್ ತಿರುಗಿದೆಯೇ, ಎದುರಿನ ಮರದ ಕೊಂಬೆ ಬೆಳೆದು ಅಡ್ಡ ಬಂದಿದೆಯೇ, ತಂತಿಯ ತುದಿಯಲ್ಲಿ ನೀರು ಇಳಿದು ಕಿಲುಬು ಹಿಡಿದಿದೆಯೇ ಎಂದು ನೋಡಬೇಕು.

ಎರಡು: ರಿಮೋಟ್ ಕೆಲಸ ಮಾಡದಿದ್ದರೆ ಅದರ ತುದಿಯನ್ನು ಮೊಬೈಲ್ ಕ್ಯಾಮೆರಾದ ಎದುರು ಹಿಡಿದು ಗುಂಡಿ ಒತ್ತಿರಿ. ಸರಿಯಿರುವ ರಿಮೋಟಿನಲ್ಲಿ ಸಾಮಾನ್ಯವಾಗಿ ಸಣ್ಣ ಬೆಳಕೊಂದು ಕ್ಯಾಮೆರಾದಲ್ಲಿ ಮಿನುಗುತ್ತದೆ. ಮಿನುಗದಿದ್ದರೆ ಸೆಲ್ ಬದಲಿಸಿ ನೋಡಿ.

ಮೂರು: ಟಿವಿ ನಿಂತಲ್ಲೇ ನಿಂತು ಯಾವ ಗುಂಡಿಗೂ ಓಗೊಡದಿದ್ದರೆ ಪ್ಲಗ್ಗನ್ನು ಕಿತ್ತು, ಐದು ನಿಮಿಷ ಬಿಟ್ಟು, ಮತ್ತೆ ಹಾಕಿ. ಈಗಿನ ಟಿವಿ ಒಂದು ಸಣ್ಣ ಕಂಪ್ಯೂಟರೇ ಆಗಿರುವುದರಿಂದ ಇಷ್ಟರಿಂದಲೇ ಅದು ಸರಿಹೋಗುವುದುಂಟು.

ನಾಲ್ಕು: ಕೆಂಪು ದೀಪವೂ ಹೊತ್ತದಿದ್ದರೆ ಬೇರೆ ಸಾಕೆಟ್ಟಿನಲ್ಲಿ ಹಾಕಿ ನೋಡಬೇಕು. ಆಗಲೂ ಹೊತ್ತದಿದ್ದರೆ ಒಳಗಿನ ಪವರ್ ಬೋರ್ಡ್ ಸುಟ್ಟಿರುವ ಸಂಭವ ಹೆಚ್ಚು. ಇದು ರಿಪೇರಿಯಾಗುವ ದೋಷ.

ಐದು: ಮಾತು ಕೇಳುತ್ತದೆ, ಪರದೆ ಕಪ್ಪಾಗಿದೆ. ಆಗ ಕೋಣೆಯನ್ನು ಕತ್ತಲೆ ಮಾಡಿ, ಪರದೆಯ ಹತ್ತಿರ ಬ್ಯಾಟರಿ ಬೆಳಕನ್ನು ಓರೆಯಾಗಿ ಬಿಡಿ. ಮಸುಕಾಗಿ ಚಿತ್ರ ಚಲಿಸುವುದು ಕಂಡರೆ ಪರದೆ ಸರಿಯಿದೆ, ಅದರ ಹಿಂದಿನ ಎಲ್‌ಇಡಿ ದೀಪದ ಪಟ್ಟಿ ಹೋಗಿದೆ ಎಂದರ್ಥ. ಪಟ್ಟಿಯ ದೀಪಗಳು ಒಂದರ ಹಿಂದೆ ಒಂದು ಪೋಣಿಸಿದಂತಿರುವುದರಿಂದ ಒಂದು ಹೋದರೆ ಸಾಲೇ ಆರಿಬಿಡುತ್ತದೆ. ಪಟ್ಟಿಯನ್ನು ಬದಲಿಸಬಹುದು, ಇದಕ್ಕಾಗಿ ಹೊಸ ಟಿವಿ ಕೊಳ್ಳಬೇಕಾಗಿಲ್ಲ.

ಆರು: ಪರದೆಯ ಮೇಲೆ ಉದ್ದುದ್ದ ಗೆರೆಗಳು ಬಂದರೆ, ಅಥವಾ ಅರ್ಧ ಭಾಗ ಮಂಕಾದರೆ, ದೋಷ ಪರದೆಯಲ್ಲಿಯೇ ಅಥವಾ ಅದಕ್ಕೆ ಸೇರಿದ ಬೋರ್ಡಿನಲ್ಲಿ ಇರುತ್ತದೆ. ಬೋರ್ಡ್ ಆದರೆ ಖರ್ಚು ಸಾಧಾರಣ. ಪರದೆಯೇ ಆದರೆ ಖರ್ಚು ಭಾರಿ, ಏಕೆಂದರೆ ಟಿವಿಯ ಬೆಲೆಯ ದೊಡ್ಡ ಪಾಲು ಪರದೆಯದೇ.

ಇಲ್ಲಿ ಒಂದು ಎಚ್ಚರಿಕೆ. ಟಿವಿಯ ಬೆನ್ನಿನ ಮುಚ್ಚಳವನ್ನು ತಾವು ಬಿಚ್ಚತಕ್ಕದ್ದಲ್ಲ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಪ್ರಾಣಕ್ಕೆ ಅಪಾಯ ತರುವಷ್ಟು ವಿದ್ಯುತ್ತು ಸ್ವಲ್ಪ ಕಾಲ ಉಳಿದಿರಬಹುದು. ಅದಲ್ಲದೆ, ಸೀಲು ಒಡೆದರೆ ಕಂಪನಿಯ ವಾರಂಟಿಯನ್ನೂ ಕಳೆದುಕೊಳ್ಳುವ ಸಂಭವವಿದೆ.

ನಮ್ಮ ಸೀಮೆಯ ಶತ್ರುಗಳು

ಬಯಲುಸೀಮೆಯಲ್ಲಿ ಹೇಗೋ ಏನೋ, ನಮ್ಮ ಗುಡ್ಡಗಾಡಿನಲ್ಲಿ ಟಿವಿಗೆ ಹೊರಗಿನ ಶತ್ರುಗಳೇ ಹೆಚ್ಚು.

ಮೊದಲನೆಯದು ಸಿಡಿಲು. ಮಾರ್ಚಿ, ಏಪ್ರಿಲ್ ತಿಂಗಳಲ್ಲಿ ಹೂಮಳೆಗೆ ಕಾದು ಕುಳಿತಿರುತ್ತೇವೆ. ಆ ಮಳೆ ಗುಡುಗು ಮಿಂಚಿನೊಡನೆಯೇ ಬರುತ್ತದೆ. ಆಗ ಅನೇಕರು ಕರೆಂಟಿನ ಪ್ಲಗ್ಗನ್ನು ಮಾತ್ರ ಕೀಳುತ್ತಾರೆ, ಡಿಶ್ಶಿನ ತಂತಿಯನ್ನು ಹಾಗೆಯೇ ಬಿಡುತ್ತಾರೆ. ಮಾಡಿನ ಮೇಲಿನ ಡಿಶ್ಶಿನಿಂದ ಬಂದ ಹೊಡೆತವು ಆ ತಂತಿಯಲ್ಲಿ ಇಳಿದು, ಸೆಟ್ ಟಾಪ್ ಬಾಕ್ಸನ್ನು ಸುಟ್ಟು, ಟಿವಿಯ ಮುಖ್ಯ ಬೋರ್ಡನ್ನೂ ಸುಡುತ್ತದೆ. ಒಂದು ಬಾಗಿಲು ಮುಚ್ಚಿ ಇನ್ನೊಂದನ್ನು ತೆರೆದಿಟ್ಟಂತೆ! ಮೋಡ ಕಟ್ಟುವಾಗಲೇ ಎರಡನ್ನೂ ಕಿತ್ತಿಡಬೇಕು. ಸಿಡಿಲು ಹೊಡೆಯಲು ಶುರುವಾದ ಮೇಲೆ ತಂತಿಗಳನ್ನು ಮುಟ್ಟಬಾರದು.

ಎರಡನೆಯದು ಕರೆಂಟಿನ ಏರಿಳಿತ. ಈಗಿನ ಬಹಳಷ್ಟು ಟಿವಿಗಳ ಬೆನ್ನಿನ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ. ಅಂಥ ಟಿವಿಗೆ ಹೂವಿಗಾಗಿ ನೀರು ಹಾರಿಸುವ ಕಾಲದ ಕಡಿಮೆ ವೋಲ್ಟೇಜಿನಿಂದ ಹೆಚ್ಚಿನ ಭಯವಿಲ್ಲ. ಭಯವಿರುವುದು ಹೆಚ್ಚು ವೋಲ್ಟೇಜಿನಿಂದ. ಮಳೆಗಾಲದಲ್ಲಿ ಸಿಲ್ವರ್ ಮರವೋ ಕೊಂಬೆಯೋ ಲೈನಿನ ಮೇಲೆ ಬಿದ್ದು ನ್ಯೂಟ್ರಲ್ ತಂತಿ ಕಡಿದರೆ, 230 ವೋಲ್ಟ್ ಬರಬೇಕಾದ ಮನೆಗೆ 400 ವೋಲ್ಟಿನ ಹತ್ತಿರದವರೆಗೂ ಬರಬಹುದು. ಬಲ್ಬು ಒಮ್ಮೆಲೇ ಪ್ರಖರವಾಗಿ ಉರಿದರೆ ಕೂಡಲೇ ಮೈನ್ ಸ್ವಿಚ್ ಆರಿಸಿ, 1912ಕ್ಕೆ ಫೋನು ಮಾಡಿ ಮೆಸ್ಕಾಂಗೆ ತಿಳಿಸಬೇಕು.

ಮೂರನೆಯದು ಥಂಡಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆ ಬೆವರುತ್ತಿರುತ್ತದೆ. ಟಿವಿಯನ್ನು ಗೋಡೆಗೆ ಒತ್ತಿಕೊಂಡಂತೆ ಹಾಕದೆ ಹಿಂದೆ ಗಾಳಿಯಾಡಲು ಜಾಗ ಬಿಡಬೇಕು. ಗುಡುಗಿಲ್ಲದ ದಿನಗಳಲ್ಲಿ ಸ್ವಲ್ಪ ಹೊತ್ತು ನಡೆಸಿದರೆ ಅದರದೇ ಕಾವಿಗೆ ಒಳಗಿನ ತೇವ ಆರುತ್ತದೆ. ಬೆಚ್ಚಗಿನ ಜಾಗ ಹುಡುಕಿ ಬರುವ ಇರುವೆ, ಜಿರಳೆ, ಹಲ್ಲಿಗಳೂ ಬೋರ್ಡುಗಳನ್ನು ಕೆಡಿಸುತ್ತವೆ. ಪರದೆಯನ್ನು ಒದ್ದೆ ಬಟ್ಟೆಯಿಂದ ಒರೆಸಬಾರದು. ನೀರು ಕೆಳಗಿನ ಅಂಚಿಗೆ ಇಳಿದರೆ ಅಲ್ಲಿನ ಸೂಕ್ಷ್ಮ ಜೋಡಣೆಗಳು ಹಾಳಾಗಿ ಗೆರೆಗಳು ಬೀಳುತ್ತವೆ.

ಕಾಗದದಲ್ಲಿ ಏನಿದೆ?

ಕಂಪನಿಯವರು ಸಾಮಾನ್ಯವಾಗಿ ಒಂದು ವರ್ಷದ ವಾರಂಟಿಯನ್ನು ಟಿವಿಯ ಬೆಲೆಯಲ್ಲಿಯೇ ಸೇರಿಸಿ ಕೊಡುತ್ತಾರೆ. ಕೆಲವರು ಹೆಚ್ಚು ಕಾಲಕ್ಕೂ ಕೊಡುವುದುಂಟು. ಹೆಚ್ಚುವರಿ ವಾರಂಟಿ ಎಂಬುದು ಆ ಅವಧಿ ಮುಗಿದ ಮೇಲಿನ ಕಾಲಕ್ಕೆ ನಾವು ಹಣ ಕೊಟ್ಟು ಕೊಳ್ಳುವ ಬೇರೆ ಕರಾರು. ಅದನ್ನು ಟಿವಿ ತಯಾರಿಸಿದ ಕಂಪನಿಯೇ ಕೊಡಬಹುದು, ಅಂಗಡಿಯವರು ಕೊಡಬಹುದು, ಅಥವಾ ಮೂರನೆಯ ಬೇರೊಂದು ಸಂಸ್ಥೆ ಕೊಡಬಹುದು.

ಈ ಕಾಗದದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿಸಿ ಕೇಳಿರಿ. ಯಾವುದಕ್ಕೆ ಹೊಣೆಯಲ್ಲ ಎಂಬ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದು ಇವು: ಸಿಡಿಲು, ವೋಲ್ಟೇಜಿನ ಏರಿಳಿತ, ನೀರು ಮತ್ತು ತೇವ, ಹುಳ ಹುಪ್ಪಟೆ, ಬಿದ್ದು ಒಡೆದ ಪರದೆ. ನಾನು ಈಗ ತಾನೇ ಹೇಳಿದ ನಮ್ಮ ಸೀಮೆಯ ಶತ್ರುಗಳೆಲ್ಲ ಅದರಲ್ಲೇ ಇದ್ದಾರೆ! ಉಳಿಯುವುದು ತಯಾರಿಕೆಯ ದೋಷ, ತಾನಾಗಿ ಹೋದ ಬೋರ್ಡು, ದೀಪದ ಪಟ್ಟಿ ಮತ್ತು ಪರದೆ. ಹೊಣೆ ಇವಕ್ಕೆ ಮಾತ್ರ.

ಲೆಕ್ಕ ಹಾಕಿ ನೋಡೋಣ

ಲೆಕ್ಕದ ರೀತಿ ತಿಳಿಯಲೆಂದು ಕೆಲವು ಸಂಖ್ಯೆಗಳನ್ನು ಇಟ್ಟುಕೊಳ್ಳೋಣ. ಟಿವಿಗೆ 20,000 ರೂಪಾಯಿ. ಹೆಚ್ಚುವರಿ ಎರಡು ವರ್ಷಕ್ಕೆ 2,500 ರೂಪಾಯಿ. ಒಂದು ಊರಿನ 20 ಮನೆಯವರು ಕೊಂಡರೆ ಒಟ್ಟು 50,000 ರೂಪಾಯಿ. ಆ ಎರಡು ವರ್ಷದಲ್ಲಿ ಮೂರು ಮನೆಯ ಟಿವಿಗೆ ತಲಾ 3,000 ರೂಪಾಯಿ ರಿಪೇರಿ ಬಂತು, ಒಂದು ಮನೆಯಲ್ಲಿ ಪರದೆಯೇ ಹೋಗಿ 14,000 ರೂಪಾಯಿ ಆಯಿತು ಎನ್ನೋಣ. ಒಟ್ಟು ಖರ್ಚು 23,000. ಊರಿನಿಂದ ಹೋದ ಉಳಿದ 27,000 ರೂಪಾಯಿ ತಿರುಗಿ ಬರಲಿಲ್ಲ. ಪರದೆ ಹೋದ ಒಬ್ಬರಿಗೆ ಲಾಭವಾಯಿತು ನಿಜ. ಉಳಿದ ಹೆಚ್ಚಿನವರಿಗೆ ಆಗಲಿಲ್ಲ.

"ಹಾಗಾದರೆ ಹಸುವಿಗೆ ವಿಮೆ ಏಕೆ ಮಾಡಿಸುತ್ತೇವೆ?" ಎಂದು ಯಾರಾದರೂ ಕೇಳಬಹುದು. ಒಳ್ಳೆಯ ಪ್ರಶ್ನೆ. ಕರೆಯುವ ಹಸು ಸತ್ತರೆ ಸಂಸಾರದ ಅನ್ನಕ್ಕೇ ಕುತ್ತು ಬರುತ್ತದೆ. ತಡೆದುಕೊಳ್ಳಲಾಗದ ನಷ್ಟಕ್ಕೆ ವಿಮೆ ಬೇಕು. ಟಿವಿ ಕೆಟ್ಟರೆ ಬೇಸರವಾಗುತ್ತದೆ, ಉಪವಾಸವಿರಬೇಕಾಗುವುದಿಲ್ಲ.

ಆದುದರಿಂದ ನನ್ನ ಸಲಹೆ ಇದು. ಆ ಎರಡೂವರೆ ಸಾವಿರದಲ್ಲಿ ಮೊದಲ ಪಾಲನ್ನು ರಕ್ಷಣೆಗೆ ಹಾಕಿರಿ: ಮನೆಯ ಅರ್ತಿಂಗನ್ನು ತಿಳಿದ ಎಲೆಕ್ಟ್ರಿಷಿಯನ್ನರಿಂದ ಪರೀಕ್ಷೆ ಮಾಡಿಸಿ, ಹೆಚ್ಚು ವೋಲ್ಟೇಜ್ ಬಂದೊಡನೆ ಕರೆಂಟು ಕಡಿದುಹಾಕುವ ಸಾಧನವನ್ನು ಟಿವಿಗೆ ಹಾಕಿಸಿರಿ. ಉಳಿದುದನ್ನು ಅಂಚೆ ಕಚೇರಿಯಲ್ಲೋ ಸ್ವಸಹಾಯ ಸಂಘದಲ್ಲೋ ರಿಪೇರಿಗೆಂದು ಇಡಿರಿ. ಟಿವಿ ಕೆಡದಿದ್ದರೆ ಹಣ ನಿಮ್ಮದೇ.

ಕೊಳ್ಳುವುದು ಸರಿಯೆನಿಸುವ ಸಂದರ್ಭ

ಹೆಚ್ಚುವರಿ ವಾರಂಟಿ ಎಂದೂ ಬೇಡವೆಂದು ನಾನು ಹೇಳುವುದಿಲ್ಲ. ದೊಡ್ಡ ಪರದೆಯ, ದುಬಾರಿ ಟಿವಿ ಕೊಂಡಿದ್ದರೆ ಅದನ್ನು ಯೋಚಿಸಬಹುದು. ಆದರೆ ಐದು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು.

1. ಹೊಣೆ ಯಾರದು? ಟಿವಿ ತಯಾರಿಸಿದ ಕಂಪನಿಯದೇ ಆದರೆ ಮೇಲು.

2. ಪರದೆ ಸೇರಿದೆಯೇ? ಪರದೆ ಬಿಟ್ಟ ವಾರಂಟಿಗೆ ದೊಡ್ಡ ಹಣ ಕೊಡುವುದು ವ್ಯರ್ಥ.

3. ಮೆಕ್ಯಾನಿಕ್ ನಮ್ಮ ಊರಿಗೆ ಬರುತ್ತಾರೆಯೇ? ಕಳಸದ ಕಡೆಯ ಹಳ್ಳಿಯವರು ಟಿವಿಯನ್ನು ಜೀಪಿನಲ್ಲಿ ಹಾಕಿಕೊಂಡು ಜಿಲ್ಲಾ ಕೇಂದ್ರಕ್ಕೆ ಒಯ್ಯಬೇಕಾದರೆ ಬಾಡಿಗೆಯೇ ರಿಪೇರಿಯಷ್ಟಾಗುತ್ತದೆ, ದಾರಿಯಲ್ಲಿ ಪರದೆ ಒಡೆಯುವ ಭಯ ಬೇರೆ.

4. ವೋಲ್ಟೇಜ್ ಏರಿಳಿತಕ್ಕೆ ಹೊಣೆಯುಂಟೇ? ಕೆಲವು ಕರಾರುಗಳಲ್ಲಿ ಇರುತ್ತದೆ. ಇದ್ದರೆ ನಮಗೆ ಅದೇ ಹೆಚ್ಚು ಬೆಲೆಯುಳ್ಳದ್ದು.

5. ರಿಪೇರಿ ಸಾಧ್ಯವಾಗದಿದ್ದರೆ ಏನು ಕೊಡುತ್ತಾರೆ? ಹೊಸ ಟಿವಿಯೋ, ಸವಕಳಿ ಕಳೆದು ಉಳಿದ ಹಣವೋ?

ಇವಕ್ಕೆ ಒಪ್ಪುವ ಉತ್ತರ ಸಿಗದಿದ್ದರೆ "ಬೇಡ ಸ್ವಾಮಿ" ಎನ್ನಲು ಸಂಕೋಚ ಬೇಡ. ವಾರಂಟಿ ಕೊಳ್ಳದಿದ್ದರೆ ಟಿವಿ ಕೊಡುವುದಿಲ್ಲ ಎನ್ನುವ ಹಕ್ಕು ಯಾರಿಗೂ ಇಲ್ಲ.

ಕಾನೂನಿನ ನೆರವು

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಬಿಲ್ಲು ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲನ್ನು ಕೇಳಿ ಪಡೆಯಿರಿ. ಅದರಲ್ಲಿ ಟಿವಿಯ ಮಾದರಿ, ಸೀರಿಯಲ್ ನಂಬರು, ತಾರೀಖು ಇರಲಿ. ಬಿಲ್ಲಿನ ಅಕ್ಷರ ಕಾಲಕ್ರಮದಲ್ಲಿ ಮಾಸಿಹೋಗುವುದರಿಂದ ಅಂದೇ ಮೊಬೈಲಿನಲ್ಲಿ ಫೋಟೋ ತೆಗೆದಿಡಬೇಕು. ವಾರಂಟಿ ಮುಗಿಯುವ ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಸಣ್ಣ ದೋಷವಿದ್ದರೂ ಅದಕ್ಕೆ ಮುಂಚೆಯೇ ದೂರು ಬರೆಸಿ, ದೂರಿನ ಸಂಖ್ಯೆಯನ್ನು ಪಡೆದುಕೊಳ್ಳಬೇಕು.

ವಾರಂಟಿಯಿದ್ದೂ ಕೆಲಸ ಮಾಡಿಕೊಡದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಬಹುದು. ಅದರಿಂದಲೂ ಆಗದಿದ್ದರೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗವಿದೆ. ಕಂಪನಿ ಎಲ್ಲಿಯದೇ ಆಗಿರಲಿ, ತಾವು ವಾಸವಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂಬ ನಿಯಮವೂ ಇಲ್ಲ. ಆದರೆ ತಕರಾರು ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು ಎಂಬುದನ್ನು ಮರೆಯಬಾರದು.

ಬಾಂಧವರೇ, ತೋಟದಲ್ಲಿ ರೋಗ ಬಂದ ಮೇಲೆ ಔಷಧಿ ಹುಡುಕುವವನಿಗಿಂತ ಮುಂಚೆಯೇ ಬೋರ್ಡೋ ಸಿಂಪಡಿಸಿದವನು ಜಾಣ. ಟಿವಿಯ ವಿಷಯವೂ ಹಾಗೆಯೇ. ಮುಂದಿನ ಹೂಮಳೆಗೆ ಮೊದಲು ಮನೆಯ ಅರ್ತಿಂಗ್ ನೋಡಿಸಿರಿ, ಮೋಡ ಕಂಡಾಗ ಎರಡು ತಂತಿಗಳನ್ನೂ ಕೀಳುವುದನ್ನು ಮನೆಯ ಮಕ್ಕಳಿಗೂ ಕಲಿಸಿರಿ.